ಹನ್ನೊಂದು ತೂಬುಗಳ ಲೆಕ್ಕ

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ಹಿಂದಿನ ನಾಲೆಗೆ ನೀರು ಬಿಟ್ಟರು. ನಾನು ಎದ್ದು ಹೋಗಿ ನೋಡಿದವನಲ್ಲ, ಮೂಗಿಗೇ ಗೊತ್ತಾಯಿತು. ತಿಂಗಳುಗಟ್ಟಲೆ ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ಹೊಸ ನೀರು ಹರಿದಾಗ ಒಂದು ವಾಸನೆ ಏಳುತ್ತದೆ. ಅದರಲ್ಲಿ ಹಸಿ ಮಣ್ಣಿರುತ್ತದೆ, ಕೊಳೆತ ಎಲೆ ಇರುತ್ತದೆ, ಒಂದಿಷ್ಟು ಮೀನೂ ಇರುತ್ತದೆ. ನಾಲೆ ಕೆಲಸ ಮಾಡಿದವರು ಮಾತ್ರ ಅದನ್ನು ಒಳ್ಳೆಯ ವಾಸನೆ ಎನ್ನುತ್ತಾರೆ. ನನ್ನ ಹೆಂಡತಿ ಸಾವಿತ್ರಿ ಮೂಗು ಮುಚ್ಚಿಕೊಂಡು ಕಿಟಕಿಯ ಬಾಗಿಲು ಎಳೆದಳು. ನಾನು ಮತ್ತೆ ತೆಗೆದೆ. ಶ್ರೀರಂಗಪಟ್ಟಣದಲ್ಲಿ ನಾವು ಮನೆ ಕಟ್ಟಿದ ಮೇಲೆ ಪ್ರತಿ ವರ್ಷವೂ ಈ ಕಿಟಕಿಯ ಜಗಳ ಒಂದು ದಿನ ನಡೆಯುತ್ತದೆ.

ಆ ಹೊತ್ತಿಗೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಒಬ್ಬ ಅಪರಿಚಿತನ ಮೇಲೆ ಸಿಡುಕುತ್ತಿದ್ದೆ. ಅದಕ್ಕೆ ಕಾರಣ ಹೇಳಬೇಕಾದರೆ ನನ್ನ ಇಳಿವಯಸ್ಸಿನ ಚಟದ ವಿಷಯವನ್ನೂ ನಿಮಗೆ ಹೇಳಬೇಕಾಗುತ್ತದೆ.

ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ಎಲ್ಲಕ್ಕಿಂತ ಮೊದಲು ಎದ್ದು, ಉಳಿದದ್ದನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಒಂದು ಮೂಲ ತಂತ್ರಾಂಶ ಇರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ನಾನು ಹೇಳುತ್ತಿರುವ ಕರ್ನಲನ್ನು ದೇಶದೇಶಗಳ ಜನ ಸೇರಿ ಬರೆಯುತ್ತಾರೆ, ತಿದ್ದುತ್ತಾರೆ. ಯಾರು ಬೇಕಾದರೂ ಕೈ ಹಾಕಬಹುದು. ಅದು ನೆಟ್ಟಗಿದೆಯೇ ಎಂದು ನೋಡಲು ಬೇರೆಯೇ ಪರೀಕ್ಷೆಯ ಕೋಡ್ ಬರೆದಿಟ್ಟಿರುತ್ತಾರೆ. ಎಂಬತ್ತರ ದಶಕದಲ್ಲಿ ನಮ್ಮ ನೀರಾವರಿ ಆಫೀಸಿಗೆ ಕಂಪ್ಯೂಟರ್ ಬಂದಾಗ, ಮುಟ್ಟಿದರೆ ಕೆಟ್ಟುಹೋಗುತ್ತದೆಂದು ಎಲ್ಲರೂ ಹೆದರಿ ನನ್ನನ್ನು ಮುಂದೆ ತಳ್ಳಿದ್ದರು. ಅಲ್ಲಿ ಹತ್ತಿದ ಹುಚ್ಚು ನಿವೃತ್ತಿಯಾದರೂ ಇಳಿಯಲಿಲ್ಲ. ಕರ್ನಲಿನ ಒಂದು ಪರೀಕ್ಷೆಯನ್ನು ನಾಲ್ಕು ವರ್ಷದ ಹಿಂದೆ ನಾನೇ ಬರೆದು ಕಳಿಸಿದೆ, ಅವರು ಸೇರಿಸಿಕೊಂಡರು. ಆ ದಿನ ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಒಬ್ಬರಿಗೂ ಅರ್ಥವಾಗಲಿಲ್ಲ. ನಮ್ಮದು ಬಡಗಿಗಳ ಮನೆತನ. ಸಾವಿತ್ರಿಯ ತವರಿನವರೂ ಆಚಾರಿಗಳೇ. ಅವಳು ಮಾತ್ರ, "ಕೆಲ್ಸ ಇಲ್ದಿದ್ ಆಚಾರಿ ಮಗನ ಕುಂಡಿ ಕೆತ್ತಿದ್ನಂತೆ," ಎಂದು ಒಳಗೆ ಹೋದಳು.

ಈಗ ಯಾವುದೋ ದೂರದ ಊರಿನವನು ಬರೆದಿದ್ದ: "ನಿಮ್ಮ ಪರೀಕ್ಷೆ ನನ್ನ ಯಂತ್ರದಲ್ಲಿ ಸೋಲುತ್ತಿದೆ. ನನ್ನ ಯಂತ್ರದಲ್ಲಿ ದೋಷವೇನೂ ಇಲ್ಲ." ನಾಲ್ಕು ವರ್ಷದಿಂದ ಲಕ್ಷಣವಾಗಿ ಓಡುತ್ತಿರುವ ಪರೀಕ್ಷೆ. ನನಗೆ ರೇಗಿತು. "ನಿಮ್ಮ ಯಂತ್ರವನ್ನು ಸರಿಯಾಗಿ ನೋಡಿಕೊಳ್ಳಿ" ಎಂದು ಹಿಂದಿನ ದಿನವೇ ಉತ್ತರ ಬರೆದಿದ್ದೆ. ಅವನು ಬೆಳಿಗ್ಗೆ ಮತ್ತೆ ಬರೆದಿದ್ದ, ಸಿಟ್ಟಿಲ್ಲದೆ, ಒಂದೇ ಸಾಲು: "ನೋಡಿದೆ, ಎಂಟು ಪ್ರೊಸೆಸರುಗಳಲ್ಲಿ ಒಂದನ್ನು ನಾನೇ ಆಫ್ ಮಾಡಿಟ್ಟಿದ್ದೇನೆ, ಉಳಿದ ಏಳೂ ಕೆಲಸ ಮಾಡುತ್ತಿವೆ."

ಉಳಿದ ಏಳೂ ಕೆಲಸ ಮಾಡುತ್ತಿವೆ. ಕಿಟಕಿಯಿಂದ ಹೊಸ ನೀರಿನ ವಾಸನೆ ಬರುತ್ತಿತ್ತು. ಈ ಮಾತನ್ನು ಇದೇ ವಾಸನೆಯ ದಿನಗಳಲ್ಲಿ, ಇದೇ ಸಮಾಧಾನದ ದನಿಯಲ್ಲಿ ನನಗೆ ಇನ್ನೊಬ್ಬರು ಹೇಳಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡು ವಯಸ್ಸು, ಡಿಪ್ಲೊಮಾ ಮುಗಿಸಿ ಪಾಂಡವಪುರದ ಕಡೆಯ ಒಂದು ನಾಲೆ ಆಫೀಸಿನಲ್ಲಿ ಓವರ್‌ಸಿಯರ್ ಆಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಸೈಕಲ್ಲು, ಒಂದು ಟೋಪಿ, ಒಂದು ಸ್ಟೀಲ್ ಸ್ಕೇಲು ನನ್ನ ಆಸ್ತಿ. ಮೂರರಲ್ಲಿ ಸ್ಕೇಲಿನ ಮೇಲೆಯೇ ನನಗೆ ಹೆಚ್ಚು ಪ್ರೀತಿ. ಗೆರೆ ಎಳೆದು ಪಟ್ಟಿ ಮಾಡಿದರೆ ಲೋಕ ಹತೋಟಿಗೆ ಬರುತ್ತದೆ ಎಂದು ಆ ವಯಸ್ಸಿನಲ್ಲಿ ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲವೆನ್ನಿ.

ನನ್ನ ಪಾಲಿಗೆ ಬಂದ ಕಿರುನಾಲೆಯ ನೀರಗಂಟಿ ಮಂಚಯ್ಯ. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲ ಅವನ ಕೈಯಲ್ಲಿತ್ತು. ಅವನಿಗೆ ಐವತ್ತು ದಾಟಿತ್ತು. ಅವನ ಅಪ್ಪನೂ ತಾತನೂ ನೀರಗಂಟಿಗಳೇ, ಆದರೆ ಇಲಾಖೆಯ ಲೆಕ್ಕದಲ್ಲಿ ಅವನು ವರ್ಷಕ್ಕೊಮ್ಮೆ ಮುಂದುವರಿಸಬೇಕಾದ ಹಂಗಾಮಿ ಆಳು. ತೂಬಿನ ಹಲಗೆ ಎತ್ತುವ ಕಬ್ಬಿಣದ ಹ್ಯಾಂಡ್ಲು ಸದಾ ಅವನ ಹೆಗಲ ಮೇಲಿರುತ್ತಿತ್ತು. ಮದುವೆ ಮನೆಗೆ ಹೋದರೂ ಅದನ್ನು ಚಪ್ಪರದ ಕಂಬಕ್ಕೆ ಒರಗಿಸಿ ಊಟಕ್ಕೆ ಕೂರುತ್ತಿದ್ದನಂತೆ. ಓದು ಬರಹ ಬರುತ್ತಿರಲಿಲ್ಲ. ನಾನು ಅವನನ್ನು ಏಕವಚನದಲ್ಲೇ ನೆನೆಯುತ್ತಿದ್ದೇನೆ, ಆಗ ಹಾಗೆಯೇ ಮಾತನಾಡಿಸುತ್ತಿದ್ದೆ. ಅವನು ನನ್ನ ಅಪ್ಪನಿಗಿಂತ ದೊಡ್ಡವನು, ನನ್ನನ್ನು ಸ್ವಾಮಿ ಎನ್ನುತ್ತಿದ್ದ.

ಭತ್ತದ ಬೆಳೆಗೆ ನೀರು ಬಿಡುವ ಮುಂಚೆ ಒಂದು ದಿನ ಸ್ವಲ್ಪ ನೀರು ಹರಿಸಿ ತೂಬುಗಳನ್ನೆಲ್ಲ ಪರೀಕ್ಷೆ ಮಾಡುವುದು ಪದ್ಧತಿ. ಹಲಗೆ ಏಳುತ್ತದೆಯೇ, ನೀರು ಹೊರಗೆ ಬರುತ್ತದೆಯೇ, ಮತ್ತೆ ಮುಚ್ಚುತ್ತದೆಯೇ, ಇಷ್ಟು. ಹಿಂದಿನವರು ಸುಮ್ಮನೆ ನಾಲೆಯುದ್ದಕ್ಕೂ ನಡೆದು ಬರುತ್ತಿದ್ದರು. ನಾನು ಅದಕ್ಕೊಂದು ಪಟ್ಟಿ ಮಾಡಲು ಹೊರಟೆ. ಮಂಚಯ್ಯನನ್ನು ಆಫೀಸಿಗೆ ಕರೆಸಿದೆ.

"ಮಂಚಯ್ಯ, ನಿನ್ನ ನಾಲೆಯಲ್ಲಿ ಕೆಲಸ ಮಾಡೋ ತೂಬು ಎಷ್ಟಿವೆ?"

"ಅನ್ನೊಂದು ಅವೆ ಸ್ವಾಮಿ."

"ಸರಿಯಾಗಿ ಹೇಳು."

"ಅನ್ನೊಂದೂ ಕೆಲ್ಸ ಮಾಡ್ತವೆ. ನಾನೇ ಎತ್ತಿ ಇಳ್ಸೋನಲ್ವಾ."

ನಾನು ಹನ್ನೊಂದು ಎಂದು ಬರೆದುಕೊಂಡೆ. ಅವನು ಹೋದ ಮೇಲೆ ಸ್ಕೇಲು ಹಿಡಿದು ಒಂದರಿಂದ ಹನ್ನೊಂದರವರೆಗೆ ಸಾಲು ಎಳೆದು, ಪ್ರತಿ ಸಂಖ್ಯೆಯ ಎದುರು 'ನೀರು ಬಂತು', 'ನೀರು ಬರಲಿಲ್ಲ' ಎಂದು ಎರಡೇ ಮನೆ ಮಾಡಿದೆ. ತೂಬಿನ ಪಕ್ಕ ನೆಟ್ಟ ಕಲ್ಲುಗಳ ಮೇಲೆ ಸಂಖ್ಯೆಗಳಿದ್ದವು, ಅವಕ್ಕೆ ಆ ವರ್ಷವೇ ಹೊಸ ಬಣ್ಣ ಹೊಡೆಸಿದ್ದರು. ಕಲ್ಲಿನ ಸಂಖ್ಯೆ ನೋಡು, ಪಟ್ಟಿಯಲ್ಲಿ ಗುರುತು ಹಾಕು. ಯಾರು ಮಾಡಿದರೂ ತಪ್ಪಾಗಬಾರದು, ಅಂಥ ಪಟ್ಟಿ. ಎರಡು ಸಲ ಶಾಯಿಯಲ್ಲಿ ತಿದ್ದಿ ಬರೆದೆ.

ಎಣಿಕೆ ಎಂದಾಗ ಇನ್ನೊಂದು ನೆನಪಾಗುತ್ತದೆ. ನಮ್ಮಮ್ಮ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಲಾಭ, ಎರಡು, ಮೂರು, ಹೀಗೆ. ಕಂಪ್ಯೂಟರು ಮೊದಲನೆಯದನ್ನು ಸೊನ್ನೆ ಎನ್ನುತ್ತದೆ. ಅದನ್ನು ಕಲಿಯಲು ಕಷ್ಟವಾಗುತ್ತದೆ ಎಂದು ತರಬೇತಿಯಲ್ಲಿ ಹೆದರಿಸಿದ್ದರು, ನನಗೇನೂ ಕಷ್ಟವಾಗಲಿಲ್ಲ. ಮೊದಲನೆಯದನ್ನು ಏನೆಂದು ಕರೆದರೂ ನಡೆಯುತ್ತದೆ. ನಡುವೆ ಒಂದು ಇಲ್ಲದಿದ್ದರೆ ಏನು ಮಾಡಬೇಕೆಂದು ಮಾತ್ರ ನಮ್ಮಮ್ಮನೂ ಹೇಳಿಕೊಟ್ಟಿರಲಿಲ್ಲ, ತರಬೇತಿಯವರೂ ಹೇಳಿಕೊಡಲಿಲ್ಲ.

ಪರೀಕ್ಷೆಯ ದಿನ ನಾನು ನಾಲೆಯ ಮೇಲೆ ಇರಬೇಕಿತ್ತು, ಇರಲಿಲ್ಲ. ಮೈ ಬಿಸಿಯಾಗಿತ್ತು ಎಂದು ಆಫೀಸಿನಲ್ಲಿ ಹೇಳಿದ್ದೆ. ನಿಮಗೆ ನಿಜ ಹೇಳುತ್ತೇನೆ. ಆವತ್ತು ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆ.ಆರ್. ಪೇಟೆಯ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅಕ್ಕಿಹೆಬ್ಬಾಳಿಗೆ ಹೆಣ್ಣು ನೋಡಲು ಹೋಗಿದ್ದೆ. ಸಾವಿತ್ರಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ತಲೆ ಬಗ್ಗಿಸಿ ನಿಂತಳು. ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು. ಚೆನ್ನಾಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡೆ.

ನಾನಿಲ್ಲದ್ದರಿಂದ, ನೀರಿನ ಮಟ್ಟದ ಗೇಜು ನೋಡುವ ಪುಟ್ಟಸ್ವಾಮಿ ಎಂಬವನು ಪಟ್ಟಿಯನ್ನೂ ಆಫೀಸಿನ ಇನ್ನೊಂದು ಹ್ಯಾಂಡ್ಲನ್ನೂ ಹಿಡಿದು ಹೋಗಿದ್ದ, ಮಂಚಯ್ಯ ನಾಲೆಯ ತಲೆಯಲ್ಲಿ ನೀರು ಬಿಡುತ್ತಿದ್ದ. ಅವನು ಹೇಳಿದಷ್ಟು ಮಾಡುವವನು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಾರನೆಯ ದಿನ ನನ್ನ ಮೇಜಿನ ಮೇಲೆ ಪಟ್ಟಿ ಇತ್ತು. ಹತ್ತು ತೂಬುಗಳಿಗೆ 'ನೀರು ಬಂತು'. ಐದನೆಯದಕ್ಕೆ 'ನೀರು ಬರಲಿಲ್ಲ'. ನಾನು ಅದನ್ನು ಹಾಗೆಯೇ ಎಂಜಿನಿಯರ್ ಸಾಹೇಬರ ಮುಂದಿಟ್ಟೆ. ಅಕ್ಕಿಹೆಬ್ಬಾಳಿನ ಗುಂಗಿನಲ್ಲಿದ್ದೆ, ಯೋಚಿಸಲಿಲ್ಲ.

ಸಾಹೇಬರು ಕನ್ನಡಕ ಏರಿಸಿದರು. "ನೀರಗಂಟಿ ಎಷ್ಟು ಅಂದಿದ್ದ?"

"ಹನ್ನೊಂದು ಸಾರ್."

"ಇಲ್ಲಿ ಹತ್ತೇ ಕೆಲಸ ಮಾಡ್ತಿವೆ. ಒಂದೋ ಅವನಿಗೆ ಎಣಿಸೋಕೆ ಬರಲ್ಲ, ಇಲ್ಲ ಹೂಳು ತೆಗೀದೆ ಸುಳ್ಳು ಹೇಳಿದಾನೆ. ಈ ವರ್ಷ ಅವನನ್ನ ಮುಂದುವರಿಸೋದು ಬೇಡ."

ಮಂಚಯ್ಯನನ್ನು ಕರೆಸಿ ಹ್ಯಾಂಡ್ಲು ಇಸಿದುಕೊಂಡರು. ಅವನು ಅದನ್ನು ಸದ್ದಾಗದಂತೆ ಮೇಜಿನ ಮೇಲೆ ಮಲಗಿಸಿದ. "ಅನ್ನೊಂದೂ ಕೆಲ್ಸ ಮಾಡ್ತಾ ಅವೆ ಸ್ವಾಮಿ," ಎಂದ, ಸಾಹೇಬರಿಗಲ್ಲ, ನನಗೆ. "ಪಟ್ಟಿ ಹಾಗೆ ಹೇಳ್ತಿಲ್ಲವಲ್ಲ ಮಂಚಯ್ಯ," ಎಂದೆ. ಅವನು ಹೊರಟ. ಹೆಗಲ ಮೇಲೆ ಏನೂ ಇಲ್ಲದೆ ಅವನು ನಡೆದುಹೋದದ್ದನ್ನು ಆವತ್ತೇ ಮೊದಲು ನೋಡಿದ್ದು. ಒಂದು ಕಡೆಯ ಭುಜ ಇನ್ನೊಂದಕ್ಕಿಂತ ತಗ್ಗಾಗಿತ್ತು.

ಹತ್ತು ದಿನ ಕಳೆದು ನಾಲೆಗೆ ನೀರು ಬಿಟ್ಟರು. ಎರಡನೆಯ ದಿನವೇ ಕೊನೆಯ ಭಾಗದ ರೈತರು ಆಫೀಸಿನ ಮುಂದೆ ಬಂದು ಕೂತರು. ಅವರ ತೂಬಿನ ಹಲಗೆ ಏಳುತ್ತಿಲ್ಲ, ನಾಟಿಗೆಂದು ಒಟ್ಟಲು ಬಿಟ್ಟ ಪೈರು ಒಣಗುತ್ತಿದೆ ಎಂದು ದೂರು. ಗುಂಪಿನ ಹಿಂದೆ ಮಂಚಯ್ಯನೂ ಇದ್ದ, ಕರೆಯದಿದ್ದರೂ ಬಂದಿದ್ದ.

"ಹನ್ನೊಂದನೇ ತೂಬಿಗೆ ನೀರು ಬಂತು ಅಂತ ಪಟ್ಟೀಲಿದೆಯಲ್ಲ," ಎಂದೆ.

"ಅನ್ನೊಂದ್ನೇದಲ್ಲ ಸ್ವಾಮಿ, ಅನ್ನೆಲ್ಡ್ನೇದು," ಎಂದ ಮಂಚಯ್ಯ. "ಬನ್ನಿ, ತೋರುಸ್ತೀನಿ."

ಸೈಕಲ್ಲನ್ನು ತಳ್ಳಿಕೊಂಡು ಅವನ ಹಿಂದೆ ನಾಲೆಯ ಏರಿಯ ಮೇಲೆ ನಡೆದೆ. ಆರು ತಿಂಗಳಾಗಿತ್ತು ಆ ಆಫೀಸಿಗೆ ಬಂದು, ಆ ನಾಲೆಯ ಮೇಲೆ ತುದಿಯಿಂದ ತುದಿಗೆ ನಡೆದದ್ದು ಅದೇ ಮೊದಲು. ಮಂಚಯ್ಯ ಒಂದೊಂದು ತೂಬಿಗೂ ಕೈ ತೋರಿಸಿ ಹೆಸರು ಹೇಳುತ್ತ ಹೋದ. ಹುಣಸೆಮರದ ತೂಬು, ಅಗಸರ ತೂಬು, ಮೂಗಿ ತೂಬು. ಎತ್ತಿದರೆ ಸದ್ದೇ ಮಾಡದ ತೂಬಂತೆ ಅದು, ಅದಕ್ಕೆ ಮೂಗಿ. ನಾಲ್ಕನೆಯದು ಮಾವಿನ ತೋಪಿನ ತೂಬು. ಆಮೇಲೆ ಒಂದು ಕಲ್ಲಿನ ಮುಂದೆ ಅವನು ನಿಲ್ಲದೆ ಹಾಗೆಯೇ ದಾಟಿಹೋದ. ನಾನು ನಿಂತೆ. ಕಲ್ಲಿನ ಮೇಲೆ ಹೊಸ ಬಣ್ಣದಲ್ಲಿ ಐದು ಎಂದು ಹೊಳೆಯುತ್ತಿತ್ತು. ಪಕ್ಕದಲ್ಲಿ ತೂಬಿರಬೇಕಾದ ಕಡೆ ಗೋಡೆಯಂತೆ ಇಟ್ಟಿಗೆ ಕಟ್ಟಿದ್ದರು. ಇಟ್ಟಿಗೆಯ ಸಂದಿನಲ್ಲಿ ಅತ್ತಿಯ ಗಿಡವೊಂದು ಮೊಣಕಾಲೆತ್ತರ ಬೆಳೆದಿತ್ತು.

"ಇದೇನಿದು ಮಂಚಯ್ಯ?"

"ಜವುಗು ತೂಬು ಸ್ವಾಮಿ. ಇದ್ರ್ ನೀರ್ಗೆ ಕೆಳಗ್ಲ್ ಗದ್ದೆ ಎಲ್ಲಾ ಜವುಗಾಗೋಯ್ತು. ಅದ್ಕೇ ಮುಚ್ಬುಟ್ರು. ನೀವು ಉಟ್ಟಿದ್ರೋ ಇಲ್ವೋ ಆವಾಗ."

"ಮತ್ತೆ ನೀನು ಹೇಳಲಿಲ್ಲ?"

ಅವನು ನನ್ನ ಮುಖ ನೋಡಿದ. "ಕೆಲ್ಸ ಮಾಡೋವು ಎಷ್ಟು ಅಂದ್ರಿ, ಅನ್ನೊಂದು ಅಂದೆ. ಯಾವ್ಯಾವು ಅಂತ ಕೇಳ್ನಿಲ್ವಲ್ಲ ಸ್ವಾಮಿ."

ಸೈಕಲ್ಲನ್ನು ಏರಿಯ ಮೇಲೆ ಮಲಗಿಸಿ ಬೆರಳು ಮಡಿಚಿ ಎಣಿಸಿದೆ. ತೂಬುಗಳು ಹನ್ನೆರಡು, ನಡುವೆ ಒಂದು ಸತ್ತದ್ದು, ಕೆಲಸ ಮಾಡುವುದು ಹನ್ನೊಂದು. ನಾನು ಹನ್ನೊಂದು ಎಂದು ಕೇಳಿಕೊಂಡು, ಒಂದರಿಂದ ಹನ್ನೊಂದರವರೆಗೆ ಬರೆದೆ. ಸತ್ತ ತೂಬನ್ನು ಪರೀಕ್ಷೆ ಮಾಡಿಸಿ ನೀರು ಬರಲಿಲ್ಲ ಎಂದು ಗುರುತು ಹಾಕಿಸಿದೆ. ಬದುಕಿದ್ದ ಹನ್ನೆರಡನೆಯದರ ಹತ್ತಿರ ಯಾರನ್ನೂ ಕಳಿಸಲೇ ಇಲ್ಲ, ಎತ್ತಿ ಎಣ್ಣೆ ಹಾಕುವವರಿಲ್ಲದೆ ಅದು ತುಕ್ಕು ಹಿಡಿದು ಕೂತಿತ್ತು. ಪುಟ್ಟಸ್ವಾಮಿಯನ್ನು ಆಮೇಲೆ ಕೇಳಿದೆ, ಇಟ್ಟಿಗೆ ಕಾಣಲಿಲ್ಲವೇ ಎಂದು. "ಕಾಣ್ತು ಸಾರ್, ಅದ ಬರಿಯೋಕೆ ನಿಮ್ ಪಟ್ಟೀಲಿ ಮನೆ ಇರ್ನಿಲ್ಲ," ಎಂದ. ಹನ್ನೆರಡನೆಯದು? "ಅದು ಪಟ್ಟೀಲೇ ಇರ್ನಿಲ್ಲ." ಅವನ ಮೇಲೆ ರೇಗಲು ಬಾಯಿ ತೆರೆದು ಮುಚ್ಚಿಕೊಂಡೆ.

ಕೊನೆಯ ತೂಬನ್ನು ಆವತ್ತು ಸಂಜೆಯೊಳಗೆ ಎತ್ತಿದೆವು. ಮಂಚಯ್ಯ ಸೀಮೆಎಣ್ಣೆ ಹಾಕಿ ನೆನೆಸಿ, ಆಫೀಸಿನಿಂದ ತರಿಸಿದ ತನ್ನದೇ ಹ್ಯಾಂಡ್ಲನ್ನು ತಿರುವಿದ. ಪೈರು ಉಳಿಯಿತು. ರೈತರು ನನ್ನನ್ನೇ ಹೊಗಳಿದರು, ಎಳನೀರು ಕೊಚ್ಚಿ ಕೊಟ್ಟರು. ನಾನು ಕುಡಿದೆ.

ಅಂದು ರಾತ್ರಿಯೇ ಹೊಸ ಪಟ್ಟಿ ಮಾಡಿದೆ. ಮೊದಲ ಮನೆಯಲ್ಲಿ ತೂಬಿನ ಹೆಸರು, ಆಮೇಲೆ ಸಂಖ್ಯೆ, ಕೊನೆಗೆ ಕಂಡದ್ದನ್ನು ಬರೆಯಲು ಅಗಲವಾದ ಜಾಗ. ಬೆಳಿಗ್ಗೆ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಆದೇಶ ಹೊರಟುಹೋಗಿದೆಯಪ್ಪ. ರದ್ದು ಮಾಡಬೇಕು ಅಂದ್ರೆ ಯಾರ ತಪ್ಪಿಂದ ಹಿಂಗಾಯ್ತು ಅಂತ ಬರೀಬೇಕು. ಆ ದಿನ ನೀನು ಎಲ್ಲಿದ್ದೆ ಅನ್ನೋದೂ ಬರುತ್ತೆ. ನೀನಿನ್ನೂ ಕಾಯಂ ಆಗಿಲ್ಲ. ಬರೀತೀಯಾ?"

ಲಗ್ನಪತ್ರಿಕೆಯ ದಿನ ಗೊತ್ತಾಗಿತ್ತು.

"ಇಲ್ಲಾಂದ್ರೆ ಎಚ್ಚರಿಕೆ ಕೊಟ್ಟು ವಾಪಸ್ ತಗೊಂಡ್ವಿ ಅಂತ ಮಾಡೋಣ. ಅವನಿಗೆ ಕೆಲಸ ಸಿಗುತ್ತೆ, ನಿನಗೂ ತೊಂದರೆ ಇಲ್ಲ."

ನಾನು ತಲೆಯಾಡಿಸಿದೆ.

ಮಂಚಯ್ಯ ಬಂದ. ಟೈಪು ಮಾಡಿದ ಕಾಗದ, ನಾಲ್ಕು ಸಾಲು. ಹೆಬ್ಬೆಟ್ಟು ಒತ್ತಿಸುವ ಕೆಲಸ ನನ್ನದು. "ಏನ್ ಬರ್ದದೆ ಸ್ವಾಮಿ?" ಎಂದು ಕೇಳಿದ. ಕಾಗದದಲ್ಲಿ ಹೀಗಿತ್ತು: ಸದರಿ ನೌಕರನು ತನ್ನ ಕರ್ತವ್ಯಲೋಪವನ್ನು ಒಪ್ಪಿಕೊಂಡಿರುವುದರಿಂದ, ಎಚ್ಚರಿಕೆ ನೀಡಿ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ. ನಾನು ಓದಿದೆ: "ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ ಅಂತಿದೆ."

"ಅಷ್ಟೇಯಾ? ಇಷ್ಟುದ್ದ ಅದೆ."

"ಅಷ್ಟೇ."

ಅವನು ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ಹ್ಯಾಂಡ್ಲನ್ನು ಹೆಗಲಿಗೇರಿಸಿಕೊಂಡು ಹೋದ. ಒಂದು ಪ್ರತಿ ಅವನಿಗೂ ಕೊಟ್ಟೆವು.

ಮೂರು ವರ್ಷದ ಮೇಲೆ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಹೇಳಿ ಹೋಗಲು ನಾಲೆಯ ಕಡೆ ಹೋದೆ. ಮಂಚಯ್ಯ ಮೂಗಿ ತೂಬಿನ ಮೇಲೆ ಕೂತಿದ್ದ. ಮಳೆ, ಬೆಳೆ, ನನ್ನ ಮಗು, ಎಲ್ಲ ವಿಚಾರಿಸಿದ. ಆಮೇಲೆ ನೀರನ್ನೇ ನೋಡುತ್ತ ಹೇಳಿದ:

"ನಮ್ ಮೊಮ್ಮಗ್ಳು ಸಾಕಮ್ಮ ಇಸ್ಕೂಲ್ಗೆ ಓಯ್ತಾವ್ಳಲ್ಲ, ಓದೋಕೆ ಕಲ್ತವ್ಳೆ ಸ್ವಾಮಿ. ಮನೇಲಿದ್ದ ಕಾಗ್ದನೆಲ್ಲಾ ಓದ್ತಾ ಕುಂತ್ಕತಾಳೆ. ಆ ಆಪೀಸಿನ್ ಕಾಗ್ದನೂ ಓದುದ್ಲು." ಹ್ಯಾಂಡ್ಲನ್ನು ಪಕ್ಕಕ್ಕಿಟ್ಟ. "ತಪ್ಪು ಒಪ್ಕಂಡವ್ನೆ ಅಂತ ಬರ್ದದಂತೆ. ನಾನ್ ಯಾವ್ ತಪ್ಪು ಒಪ್ಕಂಡೆ ಸ್ವಾಮಿ?"

ಉತ್ತರ ನನ್ನ ಹತ್ತಿರ ಇತ್ತು. ಆಗ ನನ್ನ ಕೆಲಸ ಕಾಯಂ ಆಗಿತ್ತು, ಮದುವೆಯಾಗಿತ್ತು, ಹೇಳಿದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ನಾನು ಹೇಳಿದ್ದು ಇಷ್ಟು: "ಅದು ಆಫೀಸಿನ ಭಾಷೆ ಮಂಚಯ್ಯ. ಎಲ್ಲರಿಗೂ ಹಾಗೇ ಬರೆಯೋದು."

"ಅಂಗಾ," ಎಂದ ಅವನು. ನಂಬಿದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. "ಓಗ್ಬನ್ನಿ, ಒತ್ತಾಯ್ತದೆ," ಎಂದು ತಾನೇ ನನ್ನ ಸೈಕಲ್ಲನ್ನು ಏರಿಯಿಂದ ಇಳಿಸಿಕೊಟ್ಟ. ನಾಗಮಂಗಲದಲ್ಲಿರುವಾಗಲೇ ಅವನು ತೀರಿಕೊಂಡ ಸುದ್ದಿ ಬಂತು. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಪುಟ್ಟಸ್ವಾಮಿ ಸಿಕ್ಕಿ ಹೇಳಿದ. ಪಾಪ ಎಂದೆ. ಕಾಫಿ ಪೂರ್ತಿ ಕುಡಿದೆ. ನಾಚಿಕೆಯಾಗುತ್ತದೆ, ಆದರೆ ಕುಡಿದದ್ದು ನಿಜ.

ಮೊನ್ನೆ ಲ್ಯಾಪ್‌ಟಾಪನ್ನು ಮತ್ತೆ ತೆರೆಯಲು ಮಧ್ಯಾಹ್ನವಾಯಿತು. ನನ್ನ ಪರೀಕ್ಷೆಯ ಕೋಡನ್ನು ಸಾಲು ಸಾಲಾಗಿ ಓದಿದೆ. ಹುಡುಕುವ ಮೊದಲೇ ಗೊತ್ತಿತ್ತು ಎಲ್ಲಿರುತ್ತದೆಂದು. ಅದು ಯಂತ್ರವನ್ನು ಕೇಳುತ್ತಿತ್ತು: ಕೆಲಸ ಮಾಡುವ ಪ್ರೊಸೆಸರು ಎಷ್ಟು? ಯಂತ್ರ ಏಳು ಎನ್ನುತ್ತಿತ್ತು. ನನ್ನ ಕೋಡು ಸೊನ್ನೆಯಿಂದ ಆರರವರೆಗೆ ಹೋಗಿ ಒಂದೊಂದನ್ನೂ ತಟ್ಟುತ್ತಿತ್ತು. ಆ ಮನುಷ್ಯ ಆಫ್ ಮಾಡಿಟ್ಟಿದ್ದು ಮೂರು ಎಂಬ ಸಂಖ್ಯೆಯದನ್ನು. ಆಫ್ ಆಗಿದ್ದನ್ನು ತಟ್ಟಿ ಸೋತಿತು ಎನ್ನುತ್ತಿತ್ತು, ಕೊನೆಯಲ್ಲಿ ಏಳು ಎಂಬ ಸಂಖ್ಯೆಯ, ಎಂದರೆ ಎಂಟನೆಯ, ಪ್ರೊಸೆಸರು ಯಾರೂ ಕೇಳುವವರಿಲ್ಲದೆ ಕೂತಿತ್ತು. ಐವತ್ತು ವರ್ಷ ಕಳೆದರೂ ನನ್ನ ಸ್ಕೇಲು ಅದೇ ಗೆರೆ ಎಳೆದಿತ್ತು.

ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಷ್ಟು ಎಂದು ಕೇಳುವುದನ್ನು ತೆಗೆದು ಯಾವ್ಯಾವು ಎಂದು ಕೇಳುವಂತೆ ಮಾಡಿದೆ. ಯಂತ್ರ ಕೊಡುವ ಹೆಸರುಗಳ ಪಟ್ಟಿ ಹಿಡಿದು ಅದು ಒಂದೊಂದರ ಮನೆಗೂ ಹೋಗುತ್ತದೆ, ಇಲ್ಲದವರ ಬಾಗಿಲು ತಟ್ಟುವುದಿಲ್ಲ. ಐದಾರು ಸಾಲು, ಅಷ್ಟೇ.

ಆದರೆ ಅಲ್ಲೊಂದು ಪದ್ಧತಿ ಇದೆ. ತಿದ್ದುಪಡಿಯ ಜೊತೆ ಒಂದು ಟಿಪ್ಪಣಿ ಬರೆಯಬೇಕು, ಈ ತಪ್ಪು ಯಾವ ಹಳೆಯ ಬದಲಾವಣೆಯಿಂದ ಬಂತು ಎಂದು ಗುರುತಿಸಿ ಹೇಳಬೇಕು. ಎಲ್ಲರಿಗೂ ಕಾಣುವಂತೆ ಅದು ಉಳಿಯುತ್ತದೆ. ಹಳೆಯ ಬದಲಾವಣೆಯ ಮೇಲೆ ನನ್ನದೇ ಹೆಸರಿತ್ತು. 'ಲೋಪವನ್ನು ಸರಿಪಡಿಸಲಾಗಿದೆ' ಎಂದು ಬರೆಯಲು ಬೆರಳು ತಾನಾಗಿಯೇ ಹೊರಟಿತು, ಅಭ್ಯಾಸ ನೋಡಿ. ಅಳಿಸಿದೆ. ಈ ತಪ್ಪು ನನ್ನದು ಎಂದು ಬರೆದೆ. ಆಮೇಲೆ ಆ ಅಪರಿಚಿತನಿಗೂ ಬರೆದೆ: "ನಿಮ್ಮ ಯಂತ್ರ ಸರಿಯಾಗಿದೆ. ನೀವು ಹೇಳಿದ್ದು ಸರಿ. ಎಣಿಕೆಯಲ್ಲಿ ತಪ್ಪಿದವನು ನಾನು."

ಬಾಗಿಲ ಬಳಿ ಸಾವಿತ್ರಿ ನಿಂತಿದ್ದಳು. "ಊಟಕ್ಕೆ ಎಷ್ಟು ಸಲ ಕರೀಬೇಕು? ಏನ್ರೀ ಅಷ್ಟೊತ್ತಿಂದ ಬರೀತಿರೋದು?"

ಹೇಳಿದೆ. ಅಕ್ಕಿಹೆಬ್ಬಾಳಿಗೆ ಹೋದ ದಿನದಿಂದ ಹಿಡಿದು ಕಾಫಿಯವರೆಗೆ ಎಲ್ಲ. ಮದುವೆಯಾಗಿ ಅರ್ಧ ಶತಮಾನವಾದರೂ ಅವಳಿಗೆ ಇದನ್ನು ಹೇಳಿರಲಿಲ್ಲ. ಅವಳು ಕುರ್ಚಿ ಎಳೆದು ಕೂತು ಕೇಳಿದಳು. ಕೊನೆಗೆ ಕೇಳಿದ್ದು ಒಂದೇ.

"ಯಾವ್ದೋ ದೇಶದೋನಿಗೆ ತಪ್ಪು ನನ್ದು ಅಂತ ಬರ್ದ್ರಿ, ಸರಿ. ಆ ಸಾಕಮ್ಮ ಇದ್ದಾಳಲ್ಲ, ಓದೋಕೆ ಬರೋಳು?"

ಸಾಕಮ್ಮನಿಗೆ ಈಗ ಅರವತ್ತರ ಹತ್ತಿರ ಇರಬಹುದು. ಅದೇ ಊರಿನಲ್ಲಿದ್ದಾಳೆ ಎಂದು ಕೇಳಿದ್ದೇನೆ. ಊಟ ಮಾಡಿ ಒಂದು ಬಿಳಿ ಹಾಳೆ ತೆಗೆದುಕೊಂಡು ಕೂತೆ. ಸ್ಕೇಲು ಮುಟ್ಟಲಿಲ್ಲ. ಆ ವರ್ಷ ನಿಮ್ಮ ತಾತ ಯಾವ ತಪ್ಪೂ ಮಾಡಿರಲಿಲ್ಲ, ಯಾವುದನ್ನೂ ಒಪ್ಪಿಕೊಂಡಿರಲಿಲ್ಲ, ತಪ್ಪು ಲೆಕ್ಕ ಬರೆದವನೂ ಕಾಗದವನ್ನು ಅರ್ಧ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡವನೂ ನಾನು ಎಂದು ಬರೆದು ಸಹಿ ಹಾಕಿದೆ. ಅಂಚೆಗೆ ಹಾಕುವುದಿಲ್ಲ. ನಾಳೆ ಪಾಂಡವಪುರದ ಬಸ್ಸು ಹಿಡಿದು ಹೋಗಿ ಅವಳ ಮುಂದೆ ಕೂತು ನಾನೇ ಓದಿ ಹೇಳಬೇಕು, ಈ ಸಲ ಒಂದು ಸಾಲನ್ನೂ ಬಿಡದೆ.